ವೂಫರ್ ಸುಟ್ಟ ಮೇಲೆ

ಜೂನ್ ೩

ಅಪ್ಪನಿಗೆ,

ನಿಮ್ಮ ಜೊತೆ ಇನ್ನು ಮಾತಾಡುವುದಿಲ್ಲ ಎಂದು ಐದು ವರ್ಷದ ಹಿಂದೆ ಹೇಳಿ ಬಂದವಳು ನಾನು. ಬರೆಯುವುದಿಲ್ಲ ಎಂದು ಹೇಳಿರಲಿಲ್ಲ. ಆ ಸಂದಿನಲ್ಲಿ ನುಸುಳಿ ಈ ಕಾಗದ ಬರೆಯುತ್ತಿದ್ದೇನೆ. ಭಾನುವಾರ ಅಮ್ಮನಿಗೆ ಫೋನ್ ಮಾಡಿದಾಗ ಅವಳ ಮೂಲಕವೇ ಕೇಳಿಸಬಹುದಿತ್ತು. ಆದರೆ ಅವಳಿಗೆ ವೂಫರಿಗೂ ಕುಕ್ಕರಿಗೂ ವ್ಯತ್ಯಾಸ ತಿಳಿಯದು. ನಾನು ಹೇಳುವುದೊಂದು, ನಿಮಗೆ ತಲುಪುವುದೊಂದು ಆದರೆ ಕಷ್ಟ.

ವಿಷಯ ಇಷ್ಟೇ. ನನಗೆ ಮೊದಲ ಕೆಲಸ ಸಿಕ್ಕಾಗ ಕಾರಿನ ಡಿಕ್ಕಿಯಲ್ಲಿ ನೀವು ಕೂರಿಸಿಕೊಟ್ಟಿದ್ದ, ತಳದ ಸ್ವರ ನುಡಿಸುವ ಹನ್ನೆರಡು ಇಂಚಿನ ಸಬ್‌ವೂಫರ್ ಸುಟ್ಟುಹೋಗಿದೆ. ಕಳೆದ ಬುಧವಾರ ಕೆಲಸ ಮುಗಿಸಿ ಬರುವಾಗ ಸುಟ್ಟ ವಾಸನೆ ಬಂತು. ಎಂಜಿನ್ನೇ ಹೋಯಿತೆಂದು ರಸ್ತೆ ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿ ನೋಡಿದೆ. ಅಲ್ಲೇನೂ ಇಲ್ಲ. ಡಿಕ್ಕಿ ತೆಗೆದರೆ ವಾಸನೆ ಗಪ್ಪೆಂದು ಮುಖಕ್ಕೆ ಹೊಡೆಯಿತು. ಈಗ ಅದರ ಮುಂದಿನ ಕಾಗದದ ಕೋನನ್ನು ಬೆರಳಿನಿಂದ ಒತ್ತಿದರೆ ಒಳಗೆ ಮರಳು ಸೇರಿದ ಹಾಗೆ ಕೆರೆಯುತ್ತದೆ.

ಬಸ್ ನಿಲ್ದಾಣದ ಹಿಂದಿನ ಅಂಗಡಿಗೆ ಹೋದೆ. ಅಂಗಡಿಯವನು ತೊಟ್ಟಿಲಿನಷ್ಟು ದೊಡ್ಡ ಪೆಟ್ಟಿಗೆ ಎಳೆದು ತಂದು, "ಮೇಡಂ, ಮೂರು ಸಾವಿರ ವಾಟ್. ಹಾಕ್ಸಿ ನೋಡಿ, ಹಿಂದಿನ ಕಾರವ್ನು ದಾರಿ ಬಿಡ್ತಾನೆ" ಎಂದ. ಹಿಂದಿನ ಕಾರವನು ನನಗೇಕೆ ದಾರಿ ಬಿಡಬೇಕು, ಅವನು ಹಿಂದೆಯೇ ಇದ್ದಾನಲ್ಲ ಎಂದೆ. ಅವನು ಆ ಪೆಟ್ಟಿಗೆಯನ್ನು ಪಕ್ಕಕ್ಕೆ ತಳ್ಳಿದ. ಇನ್ನೊಂದು ತೋರಿಸಿದ, ಅದು ಚಿಕ್ಕದು, ಸ್ವರ ಚೊಕ್ಕವಾಗಿದೆ, ಆದರೆ ಸದ್ದು ಕಡಿಮೆ ಎಂದ. ಜೋರು ಬೇಕೋ, ಚೆನ್ನಾಗಿರುವುದು ಬೇಕೋ, ಒಂದು ಆರಿಸಿಕೊಳ್ಳಿ ಎಂದು ಕೈತೊಳೆದುಕೊಂಡ.

ನನಗೆ ಎರಡೂ ಬೇಕು. ಹೊಲಿಗೆ ಕಾರ್ಖಾನೆಗೆ ಹೋಗುವಾಗ ಒಂದು ತಾಸು, ಬರುವಾಗ ಒಂದು ತಾಸು; ಆ ಎರಡು ತಾಸು ಮಾತ್ರ ನನ್ನದು. ಎಡಗಿವಿ ಮಂದವಾದವಳಿಗೆ ಜೋರು ಏಕೆ ಬೇಕೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಅದನ್ನು ಕಳೆದವರೇ ನೀವು. ಹೋಗಲಿ, ಆ ಕಥೆ ಇಲ್ಲಿ ಬೇಡ. ಯಾವ ವೂಫರ್ ತರಲಿ ಎಂದಷ್ಟೇ ತಿಳಿಸಿ.

ಇಂತಿ,
ನಿಮ್ಮ ಮಗಳು


ಜೂನ್ ೧೧

ಚೂಟಿ,

ನಿನ್ನ ಕಾಗದ ಬಂದಾಗ ಒಂದು ಟ್ಯಾಕ್ಸಿಯ ಸೀಟಿಗೆ ಕವರ್ ಹೊಲಿಯುತ್ತಿದ್ದೆ. ಕೈಬರಹ ನೋಡಿದ್ದೇ ತಡ, ಸೂಜಿ ಎಲ್ಲಿಟ್ಟೆನೋ ಮರೆತುಹೋಯಿತು. ಓದಲೆಂದು ಅದೇ ಸೀಟಿನ ಮೇಲೆ ಕೂತಾಗ ನೆನಪಾಯಿತು. ನಿನ್ನ ಅಮ್ಮ ನಕ್ಕದ್ದು ಎದುರು ಅಂಗಡಿಗೂ ಕೇಳಿಸಿರಬೇಕು.

ನೀನು ಹೋದ ಮೇಲೆ ಸ್ಪೀಕರ್ ಕೆಲಸ ಬಿಟ್ಟೆ. ಬೋರ್ಡಿನಲ್ಲಿದ್ದ 'ಕಾರ್ ಆಡಿಯೋ' ಎಂಬುದರ ಮೇಲೆ ಬಣ್ಣ ಬಳಿಸಿ 'ಸೀಟ್ ಕವರ್' ಎಂಬುದನ್ನಷ್ಟೇ ಉಳಿಸಿದ್ದೇನೆ. ಐದು ವರ್ಷದಿಂದ ಒಂದು ತಂತಿ ಮುಟ್ಟಿಲ್ಲ. ಆದರೂ ಕಲಿತದ್ದು ಎಲ್ಲಿ ಹೋಗುತ್ತದೆ? ಹೇಳುತ್ತೇನೆ, ಕೇಳು.

ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದ ವಾಟ್ ನಂಬಬೇಡ. ಅದು ಮದುವೆಗಂಡಿನ ಸಂಬಳದ ಹಾಗೆ, ಹೇಳುವುದೊಂದು ಇರುವುದೊಂದು. ಒಳಗಿನ ಚೀಟಿಯಲ್ಲಿ ಸಣ್ಣಕ್ಷರದಲ್ಲಿ 'ನಿರಂತರ ವಾಟ್' ಎಂದಿರುತ್ತದೆ. ನಿನ್ನ ಆಂಪ್ಲಿಫೈಯರ್ ಮುನ್ನೂರು ಕೊಡುತ್ತದೆ, ವೂಫರ್ ಮುನ್ನೂರೈವತ್ತು ತಡೆದುಕೊಳ್ಳುವಂತಿದ್ದರೆ ಸಾಕು. ಅದರೊಳಗಿನ ತಂತಿಸುರುಳಿ, ಅಂದರೆ ಕಾಯಿಲ್, ನಾಲ್ಕು ಓಮ್ಸಿನದೇ ಇರಲಿ. ಎರಡು ಓಮ್ಸಿನದು ಹಾಕಿದರೆ ಇನ್ನೂ ಜೋರು ಎಂದು ಅಂಗಡಿಯವನು ಹೇಳುತ್ತಾನೆ. ಹೇಳುವುದು ಸುಳ್ಳಲ್ಲ, ಆದರೆ ನಿನ್ನ ಆಂಪ್ ಆ ಭಾರ ತಾಳುವುದಿಲ್ಲ. ವೂಫರಿನ ಹಿಂದೆ ಅದೂ ಹೋಗುತ್ತದೆ.

ಜೋರಿನ ಗುಟ್ಟು ವಾಟಿನಲ್ಲಿಲ್ಲ. ಒಂದು ವಾಟ್ ಕೊಟ್ಟರೆ ಎಷ್ಟು ಸದ್ದು ಮಾಡುತ್ತದೆ ಎಂಬುದು ಅದೇ ಚೀಟಿಯಲ್ಲಿ ಡೆಸಿಬಲ್ ಲೆಕ್ಕದಲ್ಲಿರುತ್ತದೆ. ಅಲ್ಲಿ ಮೂರು ಹೆಚ್ಚಿದ್ದರೆ ಆಂಪನ್ನೇ ಎರಡರಷ್ಟು ಮಾಡಿದಂತೆ. ಎಲ್ಲರೂ ದಪ್ಪಕ್ಷರ ನೋಡುತ್ತಾರೆ, ನೀನು ಸಣ್ಣಕ್ಷರ ನೋಡು. ಇನ್ನು ಗುಣದ ಮಾತು. ಗಾಳಿಗಂಡಿ ಇರುವ ಪೆಟ್ಟಿಗೆ ಕೂಗಾಡುತ್ತದೆ, ಗಂಡಿ ಇಲ್ಲದ ಬಿಗಿ ಪೆಟ್ಟಿಗೆ ಅಚ್ಚುಕಟ್ಟಾಗಿ ಮಾತಾಡುತ್ತದೆ. ನಾನು ಮಾಡಿಕೊಟ್ಟದ್ದು ಬಿಗಿ ಪೆಟ್ಟಿಗೆ, ಅದನ್ನು ಬದಲಿಸಬೇಡ. ಅದಕ್ಕೆ ಒಪ್ಪುವ ವೂಫರನ್ನೇ ಕೇಳು. ಕೊಳ್ಳುವ ಮೊದಲು ನಿನಗೆ ಬಾಯಿಪಾಠ ಇರುವ ಒಂದು ಹಾಡು ಹಾಕಿಸು. ತಳದಲ್ಲಿ ಗುಂಯ್ ಎಂಬ ಒಂದೇ ಮುದ್ದೆ ಕೇಳಿದರೆ ಎದ್ದು ಬಾ. ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಿದರೆ ಅದೇ ನಿನ್ನದು.

ಇನ್ನೊಂದು ಮಾತು. ಕಾಗದದ ತುಂಬ 'ನೀವು' ಎಂದು ಬರೆದಿದ್ದೀಯ. ಬೈಯುವುದಿದ್ದರೂ 'ನೀನು' ಎಂದೇ ಬೈ.

ನಿನ್ನ ಅಪ್ಪ

(ಕುಕ್ಕರಿನ ವಿಷಯ ಓದಿದೆ. ನೆನಪಿಟ್ಟಿರುತ್ತೇನೆ. — ಅಮ್ಮ)


ಜುಲೈ ೨

ಅಪ್ಪನಿಗೆ,

ನೀವು ಹೇಳಿದಂಥ ವೂಫರನ್ನೇ ತಂದೆ. ಸಣ್ಣಕ್ಷರದ ಚೀಟಿ ಕೇಳಿದಾಗ ಅಂಗಡಿಯವನು ನನ್ನನ್ನು ತೆರಿಗೆಯವರ ಕಡೆಯವಳೆಂದು ತಿಳಿದ. ನಾಲ್ಕು ಓಮ್ಸ್, ಮುನ್ನೂರೈವತ್ತು ವಾಟ್, ಡೆಸಿಬಲ್ ಹಳೆಯದಕ್ಕಿಂತ ಮೂರು ಹೆಚ್ಚು. ಪೆಟ್ಟಿಗೆಯ ತೂತಿಗೆ ಕೈಗವಸು ಹಾಕಿದ ಹಾಗೆ ಕೂತಿತು. ನಾನೇ ಕೂರಿಸಿದೆ, ಸ್ಕ್ರೂ ಬಿಗಿಮಾಡುವುದರಲ್ಲಿ ನನಗೆ ಯಾರ ಹಂಗೂ ಇಲ್ಲ.

ಆದರೆ ಸದ್ದಿಲ್ಲ. ಇದೆ, ಆದರೆ ಪಕ್ಕದ ಮನೆಯಲ್ಲಿ ಯಾರೋ ಹಾಸಿಗೆ ಬಡಿಯುತ್ತಿರುವ ಹಾಗಿದೆ. ಅಂಗಡಿಯಲ್ಲಿ ಕೇಳಿದಾಗ ಚೆನ್ನಾಗಿಯೇ ಇತ್ತು, ಅಲ್ಲಿ ಬಲಗಡೆ ಗೋಡೆಗಿಟ್ಟು ಕೇಳಿಸಿದ್ದ. ಅಷ್ಟುದ್ದ ಉಪದೇಶ ಓದಿ, ಆರಿಸಿ ಆರಿಸಿ ತಂದದ್ದು ಇದಕ್ಕೇನಾ? ಆ ಮೂರು ಸಾವಿರ ವಾಟಿನದನ್ನೇ ತಂದಿದ್ದರೆ ಸರಿಯಿತ್ತೇನೋ.

ಇಂತಿ,
ಮಗಳು


ಜುಲೈ ೯

ಚೂಟಿ,

ಸಿಟ್ಟು ಮಾಡಿಕೊಳ್ಳಬೇಡ. ಇಂಥ ದೂರು ನನ್ನ ಅಂಗಡಿಗೆ ವಾರಕ್ಕೊಂದು ಬರುತ್ತಿತ್ತು. ಹತ್ತರಲ್ಲಿ ಒಂಬತ್ತು ಸಲ ತಂತಿ ಉಲ್ಟಾ ಆಗಿರುತ್ತದೆ. ಬಾಗಿಲಿನ ಸ್ಪೀಕರ್ ಹೊರಗೆ ತಳ್ಳುವಾಗ ವೂಫರ್ ಒಳಗೆ ಎಳೆಯುತ್ತಿರುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ಎರಡೂ ದುಡಿಯುತ್ತವೆ, ಬೇಸ್, ಅಂದರೆ ತಳದ ಸ್ವರ, ಮಾತ್ರ ಕೇಳುವುದಿಲ್ಲ.

ಒಂದು ಟಾರ್ಚ್ ಸೆಲ್ ತೆಗೆದುಕೊಂಡು ವೂಫರಿನ ತಂತಿಗೆ ಮುಟ್ಟಿಸು. ಸೆಲ್ಲಿನ ಮೂತಿ ಕೆಂಪು ತಂತಿಗೆ ತಾಗಿದಾಗ ಕೋನ್ ಹೊರಗೆ ಹಾರಬೇಕು. ಒಳಗೆ ಹೋದರೆ ತಂತಿ ಅದಲು ಬದಲು ಮಾಡು. ಅದೂ ಸರಿಯಿದ್ದರೆ ಬೇರೆ ಯಾರನ್ನಾದರೂ ನಿನ್ನ ಸೀಟಿನಲ್ಲಿ ಕೂರಿಸಿ ಕೇಳಿಸು. ದಿನಾ ಕೇಳುವ ಕಿವಿ ಕೆಲವೊಮ್ಮೆ ಮೋಸ ಮಾಡುತ್ತದೆ.

ಹಾಗೆಯೇ, ಹಳೆಯದು ಸುಟ್ಟಾಗ ಆಂಪಿನ ಸದ್ದು ಹೆಚ್ಚಿಸುವ ತಿರುಪು ಎಲ್ಲಿತ್ತು? ನಾನು ಅರ್ಧಕ್ಕೆ ಇಟ್ಟು ಕೊಟ್ಟಿದ್ದೆ. ಕಾಯಿಲ್ ಸುಮ್ಮನೆ ಸುಡುವುದಿಲ್ಲ.

ನಿನ್ನ ಅಪ್ಪ


ಜುಲೈ ೨೪

ಅಪ್ಪನಿಗೆ,

ಸೆಲ್ ಮುಟ್ಟಿಸಿದೆ. ಕೋನ್ ಹೊರಗೇ ಹಾರಿತು. ನಮ್ಮ ಕಾರ್ಖಾನೆಯ ಕಟಿಂಗ್ ಮಾಸ್ತರರನ್ನು ಸ್ಟೀರಿಂಗ್ ಮುಂದೆ ಕೂರಿಸಿ ಅದೇ ಹಾಡು ಹಾಕಿದೆ. ಅರ್ಧ ಹಾಡಿಗೆ ಬಾಗಿಲು ತೆಗೆದು ಇಳಿದುಬಿಟ್ಟರು. "ನನ್ನ ಕಟ್ಟಿಸಿದ ಹಲ್ಲು ಕಳಚಿ ಕೈಗೆ ಬರೋದ್ರಲ್ಲಿತ್ತು ಕಣಮ್ಮ, ಇದನ್ನ ಕಮ್ಮಿ ಅಂತೀಯಾ?" ಎಂದರು. ಊಟದ ಹೊತ್ತಿನಲ್ಲಿ ಎಲ್ಲರಿಗೂ ಅದೇ ಕಥೆ ಹೇಳಿ ನಗಿಸಿದರು. ನಾನೂ ನಕ್ಕೆ.

ಆಂಪಿನ ತಿರುಪು ಕೊನೆಯ ತನಕ ಹೋಗಿತ್ತು. ತಿರುಗಿಸಿದವಳು ನಾನೇ. ಮೊದಲು ಕಾಲುಸುತ್ತು, ಮರುವರ್ಷ ಇನ್ನೊಂದಿಷ್ಟು, ಹೀಗೆ. ಕೇಳುತ್ತಿರಲಿಲ್ಲ, ತಿರುಗಿಸುತ್ತಿದ್ದೆ.

ಆಮೇಲೆ ಕಾರಿನಲ್ಲಿ ಒಬ್ಬಳೇ ಕೂತು ಬಲಗಿವಿಗೆ ಬೆರಳಿಟ್ಟು ಕೇಳಿದೆ. ತಾಳದ ಚಿಲ್ ಚಿಲ್ ಎಡಗಿವಿಗೆ ಸಣ್ಣಗೆ ಕೇಳುತ್ತದೆ. ಬೇಸ್ ಇಲ್ಲವೇ ಇಲ್ಲ. ಅಂದರೆ ಕೆಟ್ಟಿರುವುದು ವೂಫರಲ್ಲ, ನಾನು. ಒಂದು ತಿಂಗಳು ನಿಮ್ಮ ಮಾತು ಕೇಳಿ ಡಿಕ್ಕಿಯಲ್ಲಿ ಹುಡುಕಿದ್ದು ನನ್ನ ತಲೆಯಲ್ಲೇ ಇತ್ತು.

ಕಥೆ ಬೇಡ ಎಂದಿದ್ದೆ. ಈಗ ಹೇಳಿಯೇ ಬಿಡುತ್ತೇನೆ. ಯಾರ ಗಾಡಿಯ ಸದ್ದು ಜೋರೆಂದು ಮೀಟರಿಟ್ಟು ಅಳೆಯುವ ಆ ಪಂದ್ಯದ ದಿನ, ಬಾಗಿಲನ್ನು ಒಳಗಿನಿಂದ ಒತ್ತಿ ಹಿಡಿದರೆ ತಗಡು ಅದುರುವುದಿಲ್ಲ, ಅರ್ಧ ಡೆಸಿಬಲ್ ಹೆಚ್ಚು ಬರುತ್ತದೆ ಎಂದು ನನ್ನನ್ನು ನಿಮ್ಮ ವ್ಯಾನಿನೊಳಗೆ ಕೂರಿಸಿದಿರಿ. ಕಿವಿಗೆ ಹತ್ತಿ ತುರುಕಿಕೊಂಡು ಎಡಭುಜ ಬಾಗಿಲಿಗೆ ಕೊಟ್ಟು ಕೂತೆ. ಹೆದರಿಕೆಯಾಗಿತ್ತು, ಹೇಳಲಿಲ್ಲ. ಮುಗಿದ ಮೇಲೆ ಬಾಗಿಲು ತೆಗೆದವರು ನನ್ನ ಮುಖ ನೋಡಲಿಲ್ಲ. ಮೀಟರ್ ನೋಡಿದಿರಿ. ಎರಡು ದಿನ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ವರ್ಷ ಕಳೆಯುವುದರೊಳಗೆ ಎಡಗಡೆ ಮಂದವಾಯಿತು. ಆಗ ತೋರಿಸಿದ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, ನಾವು ಹೇಳಿದ್ದನ್ನೇ ನಮಗೆ ಹೇಳಿ ಕಳಿಸಿದರು: ಜೋರು ಸದ್ದಿಗೆ ನರ ಹೋಗಿದೆ, ಏನೂ ಮಾಡುವಂತಿಲ್ಲ.

ಈಗ ನನ್ನ ಭಯ ಬಲಗಿವಿಯದು. ನಾನು ಮೆಷಿನ್ ಮೆಕ್ಯಾನಿಕ್, ಕಿವಿ ಹೋದರೆ ಅನ್ನ ಹೋದ ಹಾಗೆ. ಸದ್ಯಕ್ಕೆ ಹೇಗೋ ನಡೆಯುತ್ತಿದೆ. ಹೊಲಿಗೆ ಮೆಷಿನ್ನಿನ ಒಳಗೆ ಯಾವ ಭಾಗ ಸವೆದಿದೆ ಎಂದು ನೋಡಲು ಸ್ಕ್ರೂಡ್ರೈವರಿನ ತುದಿ ಮೆಷಿನ್ನಿಗಿಟ್ಟು, ಹಿಡಿಯನ್ನು ಎಡಗಿವಿಯ ಹಿಂದಿನ ಮೂಳೆಗೆ ಒತ್ತಿ ಕೇಳುತ್ತೇನೆ. ಹಾಗೆ ಇಟ್ಟರೆ ಎಲ್ಲ ಸ್ವಚ್ಛ ಕೇಳುತ್ತದೆ, ಬಲಗಡೆಗಿಂತ ಚೆನ್ನಾಗಿ. ಸ್ಕ್ರೂಡ್ರೈವರ್ ಹಿಡಿದುಕೊಂಡು ಹಾಡು ಕೇಳಲಾಗುವುದಿಲ್ಲವಲ್ಲ.

ವೂಫರ್ ಆರಿಸಿಕೊಟ್ಟದ್ದಕ್ಕೆ ಉಪಕಾರವಾಯಿತು. ಇನ್ನು ಬರೆಯುವುದೇನೂ ಇಲ್ಲ.

ಮಗಳು


ಆಗಸ್ಟ್ ೧

ಚೂಟಿ,

ನಿನ್ನ ಕಾಗದವನ್ನು ಹತ್ತು ಸಲ ಓದಿದ್ದೇನೆ. ಎಂಟು ಸಲ ಪಂದ್ಯದ ಭಾಗ ಓದಿದೆ. ನೀನು ಬರೆದದ್ದೆಲ್ಲ ನಿಜ. ಮೀಟರ್ ನೋಡಿದ್ದೂ ನಿಜ. ಒಂಬತ್ತನೆಯ ಸಲ ಓದುವಾಗ ಸ್ಕ್ರೂಡ್ರೈವರಿನ ಹತ್ತಿರ ಬಂದು ನಿಂತುಬಿಟ್ಟೆ.

ಮುಂದೆ ಬರೆಯುವುದಕ್ಕೆ ನನಗೆ ಧೈರ್ಯ ಸಾಲದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ಈ ಮುದುಕ ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತಿದ್ದಾನೆ ಎಂದು ನೀನು ತಿಳಿಯುತ್ತೀಯ. ತಿಳಿದುಕೋ. ಆದರೂ ಓದು.

ಮೂವತ್ತು ವರ್ಷ ಗದ್ದಲದಲ್ಲಿ ದುಡಿದವನು ನಾನು. ನನ್ನ ಕಿವಿ ಹೇಗಾಗಿದೆ ಗೊತ್ತೇ? ಕುಕ್ಕರಿನ ಸೀಟಿ ಕೇಳುವುದಿಲ್ಲ. ಬಾಗಿಲಿನ ಗಂಟೆ ಕೇಳುವುದಿಲ್ಲ. ನಿನ್ನ ಅಮ್ಮನ ಬಳೆ ಸದ್ದು ಮರೆತೇಹೋಗಿದೆ. ಆದರೆ ಲಾರಿ ಬರುವುದು ಎರಡು ಬೀದಿ ಆಚೆಯಿಂದಲೇ ತಿಳಿಯುತ್ತದೆ. ನಮ್ಮ ಕಸುಬಿನವರೆಲ್ಲ ಹೀಗೇ. ಗದ್ದಲ ಕದಿಯುವುದು ಮೇಲಿನ ಸ್ವರಗಳನ್ನು. ಕೆಳಗಿನದಕ್ಕೆ ಕೊನೆಯಲ್ಲಿ ಕೈಹಾಕುತ್ತದೆ. ನಿನಗೆ ತಾಳದ ಚಿಲ್ ಚಿಲ್ ಕೇಳುತ್ತದೆ, ಬೇಸ್ ಕೇಳುವುದಿಲ್ಲ. ಇದು ನನ್ನ ಕಿವಿಯ ರೋಗದ ತದ್ವಿರುದ್ಧ.

ಮತ್ತೆ ಆ ಸ್ಕ್ರೂಡ್ರೈವರ್. ನರವೇ ಸತ್ತಿದ್ದರೆ ಮೂಳೆಗಿಟ್ಟರೂ ಕೇಳಬಾರದು. ಕೇಳುತ್ತದೆ ಎಂದರೆ ಒಳಗೆ ದೀಪ ಉರಿಯುತ್ತಿದೆ, ಬಾಗಿಲು ಮಾತ್ರ ಹಾಕಿಕೊಂಡಿದೆ. ನಾನು ಡಾಕ್ಟರಲ್ಲ. ಆದರೆ ಸದ್ದು ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕುವುದೇ ನನ್ನ ಕಸುಬಾಗಿತ್ತು. ನಾನೂ ನೀನೂ ಐದು ವರ್ಷ ತಪ್ಪಿತಸ್ಥ ಯಾರೆಂದು ನೋಡಿದೆವು, ದೋಷ ಎಲ್ಲಿದೆ ಎಂದು ನೋಡಲೇ ಇಲ್ಲ. ಅಂಗಡಿಯಲ್ಲಿ ಯಾರಾದರೂ ಹೀಗೆ ರಿಪೇರಿ ಮಾಡಿದ್ದರೆ ಓಡಿಸುತ್ತಿದ್ದೆ.

ಕಿವಿಯ ಡಾಕ್ಟರರ ಹತ್ತಿರ ಹೋಗು. ಟಾರ್ಚಿನವರಲ್ಲ, ಪರೀಕ್ಷೆ ಮಾಡುವ ಕೋಣೆ ಇರುವವರು. ನಾನು ಬರೆದದ್ದೆಲ್ಲ ಅವರಿಗೆ ಹೇಳು. ಅವರೂ ಇದು ಗದ್ದಲದಿಂದಲೇ ಆದದ್ದು ಎಂದರೆ ಎನ್ನಲಿ. ಆಗಲೂ ಬಲಗಿವಿ ಉಳಿಸಿಕೊಳ್ಳುವ ದಾರಿ ಕೇಳಿಕೊಂಡು ಬಾ. ಅವರು ಏನು ಹೇಳಿದರೆಂದು ನನಗೆ ತಿಳಿಸಲೇಬೇಕೆಂದಿಲ್ಲ. ಹೋಗಿ ಬಂದೆ ಎಂದು ಅಮ್ಮನಿಗೆ ಹೇಳಿದರೆ ಸಾಕು.

ನಿನ್ನ ಅಪ್ಪ


ಆಗಸ್ಟ್ ೮

ಅಪ್ಪನಿಗೆ,

ಕಾಗದ ತಲುಪಿತು. ಓದಿದೆ.

ಮಗಳು


ಸೆಪ್ಟೆಂಬರ್ ೨೧

ಅಪ್ಪಾ,

ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ಎರಡು ಕವಲಿನ ಉಕ್ಕಿನ ಕಡ್ಡಿಯೊಂದನ್ನು ಮೊಣಕೈಗೆ ತಟ್ಟಿ, ಒಮ್ಮೆ ಕಿವಿಯ ಮುಂದೆ ಹಿಡಿದರು, ಒಮ್ಮೆ ಹಿಂದಿನ ಮೂಳೆಗೆ ಒತ್ತಿದರು. "ಎಲ್ಲಿ ಜೋರು?" ಎಂದರು. ಎಡಗಡೆ ಮೂಳೆಗಿಟ್ಟಾಗಲೇ ಜೋರು. ಅವರು ಕಡ್ಡಿ ಕೆಳಗಿಡುವ ಮೊದಲೇ ನಾನು ಸ್ಕ್ರೂಡ್ರೈವರಿನ ಕಥೆ ಹೇಳಿದೆ. "ನಿಮ್ಮ ಪರೀಕ್ಷೆ ನೀವೇ ಮಾಡ್ಕೊಂಡು ಬಂದಿದೀರಲ್ಲ" ಎಂದು ನಕ್ಕರು. ಅಪ್ಪ ಮಾಡಿದ್ದು ಎಂದೆ.

ಆಮೇಲೆ ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಹೊರಗೆ ಬಂದ ಮೇಲೆ ಒಂದು ವಿಚಿತ್ರ ಪ್ರಶ್ನೆ ಕೇಳಿದರು: "ಗಲಾಟೆಯಲ್ಲಿ ನಿಮಗೆ ಮಾತು ಚೆನ್ನಾಗಿ ಕೇಳತ್ತಾ?" ನಿಜವೇ. ಮೆಷಿನ್ ಹಾಲಿನಲ್ಲಿ ಎಲ್ಲರ ಮಾತೂ ಕೇಳುತ್ತದೆ, ಮೆಷಿನ್ ಸದ್ದಿಲ್ಲದ ಕ್ಯಾಂಟೀನಿನಲ್ಲಿ ಕೇಳುವುದಿಲ್ಲ. ನನಗೆ ಹುಚ್ಚು ಎಂದುಕೊಂಡು ಯಾರಿಗೂ ಹೇಳಿರಲಿಲ್ಲ. ಈ ಕಾಯಿಲೆಯವರಿಗೆಲ್ಲ ಹಾಗೆಯೇ ಅಂತೆ. ದನಿಯೂ ಸಣ್ಣದಾಗುತ್ತದಂತೆ. ಫೋನಿನಲ್ಲಿ ಪಿಸುಗುಡುತ್ತೀಯ ಎಂದು ಅಮ್ಮ ಗೊಣಗುತ್ತಿದ್ದದ್ದು ಅದಕ್ಕೇ.

ಕಿವಿಯೊ‍ಳಗೆ ಮೂರು ಪುಟಾಣಿ ಮೂಳೆಗಳಿವೆಯಂತೆ. ಮೂರನೆಯದು ಅಕ್ಕಿಕಾಳಿಗಿಂತ ಚಿಕ್ಕದು. ಎಡಗಡೆ ಅದರ ಬುಡದಲ್ಲಿ ಮೂಳೆ ಬೆಳೆದು ಅಂಟಿಕೊಂಡಿದೆ, ಅಲ್ಲಾಡುತ್ತಿಲ್ಲ. ಬಲಗಡೆಯೂ ಈಗಷ್ಟೇ ಶುರುವಾಗಿದೆಯಂತೆ. ಅವರ ಮಾತನ್ನು ಹಾಗೆಯೇ ಬರೆಯುತ್ತೇನೆ: "ನರ ಎರಡೂ ಕಡೆ ಚೆನ್ನಾಗಿದೆ. ಜೋರು ಸದ್ದಿಗೂ ಇದಕ್ಕೂ ಸಂಬಂಧ ಇಲ್ಲ. ಅವತ್ತಿನ ಗುಂಯ್ ಎರಡೇ ದಿನಕ್ಕೆ ಹೋಗಿದೆ. ಇದು ವಂಶದಲ್ಲಿ ಬರತ್ತೆ. ನಿಮ್ಮ ಮನೇಲಿ ಯಾರಿಗಾದ್ರೂ ಇತ್ತಾ?" ನನಗೆ ತಟ್ಟನೆ ಅಜ್ಜಿ ನೆನಪಾದರು. ಅಮ್ಮನ ಅಮ್ಮ. ನಲವತ್ತು ದಾಟಿದಾಗಿನಿಂದಲೇ ಅವರ ಹತ್ತಿರ ಎಲ್ಲರೂ ಕೂಗಿ ಮಾತಾಡುತ್ತಿದ್ದರಲ್ಲ, ಅವರು "ಯಾಕ್ರೋ ಹಿಂಗೆ ಗೊಣಗ್ತೀರಿ?" ಎಂದು ನಮಗೇ ಬೈಯುತ್ತಿದ್ದರಲ್ಲ.

ಆಪರೇಷನ್ ಮಾಡಬಹುದು. ಅಂಟಿಕೊಂಡ ಮೂಳೆ ತೆಗೆದು ಒಂದು ಪಿಸ್ಟನ್ ಕೂರಿಸುತ್ತಾರಂತೆ. ಡಾಕ್ಟರಮ್ಮ ಪಿಸ್ಟನ್ ಎಂಬ ಮಾತನ್ನೇ ಆಡಿದರು. ಹಾಗಾದರೆ ನಾನು ಹೆದರುವುದಿಲ್ಲ ಎಂದೆ. ಸರಿಯಾಗುವ ಸಂಭವವೇ ಹೆಚ್ಚು, ಕೆಡುವ ಸಂಭವ ಬಹಳ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನಲಾರೆ ಎಂದರು. ಮುಂದಿನ ತಿಂಗಳ ಆರಕ್ಕೆ ದಿನ ಕೊಟ್ಟಿದ್ದಾರೆ.

ಈಗ ಕಷ್ಟದ ಮಾತು. ಇದೆಲ್ಲ ನನಗೆ ತಿಳಿದದ್ದು ಸೆಪ್ಟೆಂಬರ್ ಹತ್ತಕ್ಕೆ. ನಿನಗೆ ಬರೆಯುತ್ತಿರುವುದು ಇಪ್ಪತ್ತೊಂದಕ್ಕೆ. ಹನ್ನೊಂದು ದಿನ ಸುಮ್ಮನಿದ್ದೆ. ಕೆಲಸ ಇತ್ತು ಎಂದು ಬರೆಯಬಹುದಿತ್ತು. ಕೆಲಸ ಇರಲಿಲ್ಲ. ಐದು ವರ್ಷ ನಿನ್ನ ಮೇಲಿನ ಸಿಟ್ಟಿಗೆ ಒರಗಿಕೊಂಡು ನಿಂತಿದ್ದೆ ಅಪ್ಪಾ. ಒಂದೇ ಮಧ್ಯಾಹ್ನದಲ್ಲಿ ಡಾಕ್ಟರಮ್ಮ ಅದನ್ನು ಎತ್ತಿಕೊಂಡು ಹೋದರು. ಇನ್ನು ಯಾವುದಕ್ಕೆ ಒರಗಲಿ ಎಂದು ತಿಳಿಯಲಿಲ್ಲ. ನೀನು ತಪ್ಪು ಮಾಡಿಲ್ಲ ಎಂದು ನನಗೆ ಗೊತ್ತಿದ್ದೂ ಹನ್ನೊಂದು ದಿನ ನಿನ್ನನ್ನು ಆ ತಪ್ಪಿನಲ್ಲೇ ಕೂರಿಸಿಟ್ಟೆ. ಬೇರೆ ಏನಕ್ಕೆ ಕ್ಷಮೆ ಕೇಳದಿದ್ದರೂ ಅದಕ್ಕೆ ಕೇಳುತ್ತೇನೆ.

ನಿನ್ನ,
ಚೂಟಿ


ಸೆಪ್ಟೆಂಬರ್ ೨೮

ಚೂಟಿ,

ಕಾಗದವನ್ನು ಅಂಗಡಿ ಬಾಗಿಲಲ್ಲಿ ನಿಂತೇ ಓದಿದೆ. 'ಸಂಬಂಧ ಇಲ್ಲ' ಎಂಬಲ್ಲಿಗೆ ಬಂದಾಗ ಹೊಸ್ತಿಲ ಮೇಲೆ ಕೂತುಬಿಟ್ಟೆ. ಕವರ್ ಅಳತೆ ಕೊಡಲು ಬಂದಿದ್ದವರು, "ಏನ್ರೀ, ಸಾವಾ?" ಎಂದರು. ಅಲ್ಲ ಎನ್ನುವಂತೆ ತಲೆಯಾಡಿಸಿದೆ. ಅತ್ತುಬಿಟ್ಟೆ. ಅವರು ಪಾಪ, ಅಳತೆಯನ್ನು ತಾವೇ ತೆಗೆದುಕೊಂಡು ಚೀಟಿ ಬರೆದಿಟ್ಟು ಹೋದರು.

ನೀನು ನಿಜ ಬರೆದೆ, ನಾನೂ ಬರೆಯುತ್ತೇನೆ. ಮೊದಲು ನನಗೆ ಅನ್ನಿಸಿದ್ದು 'ಬದುಕಿದೆ' ಎಂದು. ನಾನು ಬದುಕಿದೆ ಎಂದು. ನಿನ್ನ ಕಿವಿ ಸರಿಹೋಗುತ್ತದೆ ಎಂಬುದು ಹೊಳೆದದ್ದು ಒಂದು ಚೊಂಬು ನೀರು ಕುಡಿದ ಮೇಲೆ. ನಿನ್ನ ಕಿವಿಯೊಳಗೆ ಕತ್ತರಿ ಹಾಕುತ್ತಾರೆ ಎಂಬುದು ಹೊಳೆದದ್ದು ಅದಕ್ಕಿಂತ ಆಮೇಲೆ. ಅಪ್ಪನಾದವನಿಗೆ ಇದು ತಲೆಕೆಳಗಾಗಿ ಹೊಳೆಯಬೇಕಿತ್ತು. ಆದ್ದರಿಂದ ಹನ್ನೊಂದು ದಿನದ ಮಾತು ನನ್ನ ಹತ್ತಿರ ಆಡಬೇಡ. ನೀನು ಹನ್ನೊಂದು ದಿನ ತಡ ಮಾಡಿದೆ, ನಾನು ಒಂದು ಚೊಂಬು ನೀರಿನಷ್ಟು.

ವ್ಯಾನಿನೊಳಗೆ ನಿನ್ನನ್ನು ಕೂರಿಸಿದ್ದರ ಬಗ್ಗೆ ಬರೆಯಲು ಹೋಗಿ ಎರಡು ಹಾಳೆ ಹರಿದೆ. ಡಾಕ್ಟರಮ್ಮ ಬಿಟ್ಟರೂ ಅದು ನನ್ನನ್ನು ಬಿಟ್ಟಿಲ್ಲ. ಬರೆಯಲು ಬರುತ್ತಿಲ್ಲ, ಬಿಡು.

ಆರನೇ ತಾರೀಕಿಗೆ ಅಮ್ಮ ಬರುತ್ತಾಳೆ. ನಿನಗೆ ಒಪ್ಪಿಗೆಯಿಲ್ಲದೆ ನಾನು ಬರುವುದಿಲ್ಲ.

ನಿನ್ನ ಅಪ್ಪ


ಅಕ್ಟೋಬರ್ ೨೫

ಅಪ್ಪಾ,

ಕಿವಿಯ ಹತ್ತಿ ತೆಗೆದರು. ಡಾಕ್ಟರಮ್ಮ ಬೆನ್ನ ಹಿಂದೆ ನಿಂತು ಬಲಗಿವಿ ಮುಚ್ಚಿಸಿ ಪಿಸುದನಿಯಲ್ಲಿ ಅಂಕಿ ಹೇಳುತ್ತಾ ಹೋದರು. ನಲವತ್ತೇಳು, ಹನ್ನೆರಡು, ಎಂಬತ್ತು. ಎಲ್ಲ ಹೇಳಿದೆ. ಎಂಬತ್ತು ಹೇಳುವಾಗ ಅಳು ಬಂತು.

ಹೊರಗೆ ಬಂದರೆ ಲೋಕವೇ ಗಲಾಟೆ. ನನ್ನ ಚಪ್ಪಲಿ ಇಷ್ಟು ಸದ್ದು ಮಾಡುತ್ತದೆಂದು ಗೊತ್ತಿರಲಿಲ್ಲ. ಕಾರಿನಲ್ಲಿ ಹಾಡು ಹಾಕಿದವಳು ಬೆಚ್ಚಿಬಿದ್ದು ಕೂಡಲೇ ನಿಲ್ಲಿಸಿದೆ. ಆಂಪಿನ ತಿರುಪನ್ನು ಕಾಲುಭಾಗಕ್ಕಿಳಿಸಿ ಮತ್ತೆ ಹಾಕಿದೆ. ಕಟಿಂಗ್ ಮಾಸ್ತರರ ಹಲ್ಲಿನ ಮಾತು ಈಗ ಅರ್ಥವಾಯಿತು. ನೀನು ಆರಿಸಿದ ವೂಫರ್ ಜೋರೂ ಇದೆ, ಚೆನ್ನಾಗಿಯೂ ಇದೆ. ತಳದ ಸ್ವರಗಳು ಒಂದೊಂದಾಗಿ ನಡೆದುಬರುತ್ತವೆ. ಮನೆ ದಾಟಿ ಎರಡು ಸುತ್ತು ಹೆಚ್ಚಿಗೆ ಓಡಿಸಿಕೊಂಡು ಬಂದೆ.

ಒಂದು ತಕರಾರಿದೆ. ಆಪರೇಷನ್ ದಿನ ನೀನು ಆಸ್ಪತ್ರೆಯ ಗೇಟಿನ ತನಕ ಬಂದು, ಅಮ್ಮನನ್ನು ಬಿಟ್ಟು, ಅದೇ ಬಸ್ಸಿನಲ್ಲಿ ವಾಪಸ್ಸು ಹೋದೆಯಂತೆ. ಅಮ್ಮ ನಿನ್ನೆ ಬಾಯಿಬಿಟ್ಟಳು. ಒಳಗೆ ಬಂದಿದ್ದರೆ ಕಚ್ಚುತ್ತಿದ್ದೆನೇ?

ನಿನ್ನ,
ಚೂಟಿ


ನವೆಂಬರ್ ೧೮

ಮಗಳೇ,

ನಾನು ಕಾಗದ ಬರೆಯುವವಳಲ್ಲ. ಗತಿಯಿಲ್ಲದೆ ಬರೆಯುತ್ತಿದ್ದೇನೆ. ಮೂರು ಭಾನುವಾರದಿಂದ ನನಗೆ ಫೋನ್ ಸಿಕ್ಕಿಲ್ಲ. ನೀನು ಮಾಡುತ್ತೀಯ, ಅವರು ಎತ್ತುತ್ತಾರೆ, ಒಂದೂಕಾಲು ತಾಸು ಕಾಯಿಲ್ ಅಂತೆ, ಪೆಟ್ಟಿಗೆಯಂತೆ, ಪಿಸ್ಟನ್ನಂತೆ. ಕೊನೆಗೆ "ನಿಮ್ಮಮ್ಮ ಚೆನ್ನಾಗಿದಾಳೆ" ಎಂದು ನನ್ನ ಪರವಾಗಿ ಅವರೇ ಹೇಳಿ ಇಟ್ಟುಬಿಡುತ್ತಾರೆ. ನಾನು ಚೆನ್ನಾಗಿದ್ದೇನೋ ಇಲ್ಲವೋ ನನ್ನನ್ನು ಕೇಳಬೇಡವೇ? ಐದು ವರ್ಷ ನಿಮ್ಮಿಬ್ಬರ ನಡುವೆ ತಂತಿಯಾಗಿದ್ದವಳು ನಾನು. ಈಗ ನನಗೇ ಸಂಪರ್ಕ ಇಲ್ಲ.

ಇದರ ಮೇಲೆ, ಅಷ್ಟು ದಿನ ನಿಮ್ಮಪ್ಪನ ತಲೆ ಮೇಲೆ ಕೂರಿಸಿದ್ದ ಗೂಬೆಯನ್ನು ನಮ್ಮಮ್ಮನ ತಲೆ ಮೇಲೆ ತಂದು ಕೂರಿಸಿದ್ದೀರಿ. ಅವಳು ಇದ್ದಿದ್ದರೆ ಗೊಣಗದೆ ಹೇಳ್ರೋ ಎನ್ನುತ್ತಿದ್ದಳು. ಮುಂದಿನ ತಿಂಗಳು ನಾನೂ ಕಿವಿ ತೋರಿಸಬೇಕಂತೆ. ಆಗಲಿ.

ನಿನಗೆ ಗೊತ್ತಿಲ್ಲದ್ದೊಂದು ಹೇಳುತ್ತೇನೆ. ಮೊದಲ ಭಾನುವಾರ ನೀನು "ಅಪ್ಪನಿಗೆ ಕೊಡು" ಎಂದಾಗ ನಾನು ಫೋನ್ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. ಎದ್ದು ಹೋಗಿ ಕೈ ತೊಳೆದು ಬಂದರು, ಫೋನಿಗೇನು ಮಡಿಯೇ? ಮೊದಲ ಹಲೋ ಎಂದಿನಂತೆ ಓಣಿಗೆಲ್ಲ ಕೇಳುವ ಹಾಗೆ ಕಿರುಚಿದರು. ನೀನು ಏನೋ ಅಂದಿರಬೇಕು. ಆಮೇಲೆ ದನಿ ಇಳಿಯಿತು. ಇಳಿದು ಇಳಿದು, ಗೋಡೆಯ ಕಡೆ ತಿರುಗಿ ನಿಂತು ಏನೋ ಹೇಳಿದರು. ಒಂದು ಮಾರು ದೂರದಲ್ಲಿದ್ದ ನನಗೇ ಕೇಳಿಸಲಿಲ್ಲ. ಮದುವೆಯಾದಾಗಿನಿಂದ ಅವರ ಅಂಥ ದನಿ ನಾನು ಕೇಳಿಲ್ಲ.

ಫೋನ್ ಇಟ್ಟ ಮೇಲೂ ಗೋಡೆ ನೋಡುತ್ತಲೇ ನಿಂತಿದ್ದರು. "ಏನಂದ್ರಿ ಅವಳಿಗೆ?" ಎಂದೆ.

"ತಪ್ಪಾಯ್ತು ಮಗಳೇ ಅಂದೆ. ಮೆಲ್ಲಗೆ ಅಂದೆ. ಕೇಳಿಸದಿದ್ರೆ ಕೇಳಿಸದೇ ಹೋಗ್ಲಿ ಅಂತ."

"ಅವಳೇನಂದ್ಲು?"

"ಕೇಳಿಸ್ತಪ್ಪಾ ಅಂದ್ಲು. ಎಡಗಿವಿಗೇ ಹಿಡ್ಕೊಂಡಿದೀನಿ, ಕೇಳಿಸ್ತು ಅಂದ್ಲು."

ಆಮೇಲೆ ಊಟಕ್ಕೆ ಬಂದು ಕೂತರು. ಎರಡು ಸಲ ಹಾಕಿಸಿಕೊಂಡು ಉಂಡರು.

ಅಮ್ಮ